ಅಂಗೈ ಮುಟ್ಟದ ಅಂಚು

ಮುನಿಕೃಷ್ಣ ಅವರನ್ನು ನಾನು ಮೊದಲು ನೋಡಿದ್ದು ಎರಡು ವರ್ಷದ ಹಿಂದೆ, ಆಷಾಢದ ಒಂದು ಸೋಮವಾರ. ಚಾಮರಾಜಪೇಟೆಯಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಭಾಗೀರಥಮ್ಮ ಕೆಳಗಿನ ಬಚ್ಚಲನ್ನು ಹೊಸದಾಗಿ ಮಾಡಿಸುತ್ತಿದ್ದರು. ಪಾಠ ಹೇಳಲು ಶಾಲೆಗೆ ಹೊರಟವನು ಬಾಗಿಲಲ್ಲಿ ಇಣುಕಿದೆ. ಚಪ್ಪಲಿ ಹೊರಗೆ ಬಿಟ್ಟು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕುಳಿತ ಒಬ್ಬರು ಕಣ್ಣು ಮುಚ್ಚಿ ಟೈಲ್ಸ್ ಅಂಚಿನ ಮೇಲೆ ಅಂಗೈ ಜಾರಿಸುತ್ತಿದ್ದರು. ಮೊಣಕೈವರೆಗೂ ಬಿಳಿ ಪುಡಿ, ಎಡಕಿವಿಯ ಮೇಲೆ ಪೆನ್ಸಿಲು.

"ಸಾರ್, ಸ್ವಲ್ಪ ಕೈ ಕೊಡಿ" ಅಂದರು. ರಜೆಗಳಲ್ಲಿ ಊರಿನ ಹೊಲದಲ್ಲಿ ದುಡಿದು ಒರಟಾದ ನನ್ನ ಅಂಗೈ ತಿರುಗಿಸಿ ನೋಡಿ ನಕ್ಕುಬಿಟ್ಟರು. "ಗುದ್ದಲಿ ಹಿಡ್ದಿರೋ ಕೈ ನಿಮ್ದು. ಇದಕ್ಕೆ ಕುಯ್ದ್ರೂ ಗೊತ್ತಾಗಲ್ಲ. ಅಮ್ಮಾವ್ರನ್ನೇ ಕರೀರಿ."

ಗೋಡೆ ತಿರುಗುವ ಕಡೆ, ಸೋಪು ಇಡುವ ಗೂಡಿನ ಸುತ್ತ, ಟೈಲ್ಸಿನ ಕತ್ತರಿಸಿದ ಬದಿ ಹೊರಗೆ ಕಾಣುತ್ತದೆ. ಅದು ಬ್ಲೇಡಿನಷ್ಟು ಹರಿತ. ಹೆಚ್ಚಿನವರು ಅಲ್ಲಿ ಒಂದು ಸ್ಟೀಲ್ ಪಟ್ಟಿ ಹಾಕಿ ಮುಗಿಸುತ್ತಾರೆ. ಮುನಿಕೃಷ್ಣ ಎರಡು ಟೈಲ್ಸಿನ ಬದಿಯನ್ನೂ ಓರೆಯಾಗಿ ಅರೆದು, ಒಂದಕ್ಕೊಂದು ಕೂಡಿಸಿ, ಕಲ್ಲಿನಿಂದ ಉಜ್ಜಿ ನುಣುಪು ಮಾಡುತ್ತಿದ್ದರು. ಆಮೇಲೆ ಮನೆಯ ಹಿರಿಯರು ಅದರ ಮೇಲೆ ಅಂಗೈ ಎಳೆದು ಒಪ್ಪಬೇಕು. ಒಪ್ಪಿದ ಮೇಲೇ ಸಂದಿಗೆ ಬಿಳಿ ಸಿಮೆಂಟು.

"ಏನಪ್ಪ ಇದು, ಹೆಣ್ಣು ನೋಡೋ ಶಾಸ್ತ್ರದ ಥರ!" ಎನ್ನುತ್ತಲೇ ಭಾಗೀರಥಮ್ಮ ಮೂರು ಅಂಚುಗಳನ್ನು ಮುಟ್ಟಿ ಒಪ್ಪಿದರು.

ಆ ಕೆಲಸ ಹಿಡಿದಿದ್ದವರು ಲಕ್ಷ್ಮೀಶ ಎಂಬ ಮೇಸ್ತ್ರಿ; ಬಚ್ಚಲು ಮುಗಿದ ಮೇಲೆ ಅಡುಗೆಮನೆಯೂ ಅವರಿಗೇ ಎಂದು ಮಾತಾಗಿತ್ತು. ಮುನಿಕೃಷ್ಣ ಹದಿನಾರು ವರ್ಷದಿಂದ ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದರು. "ಮಷೀನು ಹೆಂಗ್ ಹಿಡೀಬೇಕು ಅಂತ ಕಲಿಸ್ದೋರೇ ಲಕ್ಷ್ಮೀಶಣ್ಣ" ಎಂದು ಟೀ ಕುಡಿಯುವಾಗ ನನಗೆ ಎರಡು ಸಲವಾದರೂ ಹೇಳಿದ್ದರು.

ಕಿಟಕಿಯ ಅಂಚೊಂದು ಉಳಿದಿರುವಾಗ ಮುನಿಕೃಷ್ಣ ಅವರ ತಂಗಿಗೆ ಹೆರಿಗೆಯಾಯಿತೆಂದು ಮಾಲೂರಿನಿಂದ ಫೋನು ಬಂತು.

"ಅದನ್ನ ಬಂದು ನಾನೇ ಮುಗಿಸ್ತೀನಣ್ಣ. ಯಾರ್ ಕೈಗೂ ಕೊಡ್ಬೇಡಿ."

"ಆಯ್ತು ಹೋಗ್ಬಾ ಮಗಾ" ಅಂದರು ಲಕ್ಷ್ಮೀಶ.

ಮುನಿಕೃಷ್ಣ ಊರಲ್ಲಿದ್ದ ಎರಡು ದಿನ ಭಾಗೀರಥಮ್ಮನೂ ಗವಿಪುರದ ಅಕ್ಕನ ಮನೆಯಲ್ಲಿದ್ದರು. ಲಕ್ಷ್ಮೀಶ ತಾವೇ ಕಿಟಕಿಗೆ ಟೈಲ್ಸ್ ಅಂಟಿಸಿ, ಉಜ್ಜದೆ, ಸಿಮೆಂಟು ಬಳಿದು ಮುಗಿಸಿಬಿಟ್ಟರು.

ಹಿಂತಿರುಗಿದ ಬೆಳಿಗ್ಗೆ ಕಿಟಕಿ ತೆಗೆಯಲು ಹೋದ ಭಾಗೀರಥಮ್ಮನ ಬಲ ಅಂಗೈ ಕುಯ್ದುಹೋಯಿತು. ನಾನು ಹತ್ತಿ ಹಿಡಿದು ಓಡಿಬಂದೆ. ಲಕ್ಷ್ಮೀಶ ಅಲ್ಲೇ ಇದ್ದರು. ಅದೇ ಹೊತ್ತಿಗೆ ಮುನಿಕೃಷ್ಣ ಸಾಮಾನಿನ ಚೀಲ ಹೊತ್ತು ಬಾಗಿಲಿಗೆ ಬಂದರು. ಲಕ್ಷ್ಮೀಶ ಅವರನ್ನು ನೋಡಿದರು. ನೋಡಿಯೂ ಹೇಳಿದರು: "ಮುನಿಕೃಷ್ಣ ಮಾಡಿದ್ದಮ್ಮ. ಊರಿಗ್ ಹೋಗೋ ಆತುರದಲ್ಲಿ ಹಂಗೇ ಬಿಟ್ಟಿದಾನೆ."

"ನಾನಾ ಅಣ್ಣ?"

"ಇನ್ಯಾರೋ?"

ಭಾಗೀರಥಮ್ಮ ಹತ್ತಿ ಒತ್ತಿಕೊಂಡೇ ಅಂದರು: "ನಂಗೆ ಮುಟ್ಟಿಸ್ದೆ ಸಿಮೆಂಟ್ ಹಾಕೋನಲ್ಲ ಇವನು. ಇದನ್ನ ನಾನು ಮುಟ್ಟೇ ಇರ್ಲಿಲ್ಲ, ಲಕ್ಷ್ಮೀಶ."

ಲಕ್ಷ್ಮೀಶ ಫೋನು ತೆಗೆದು ನೋಡತೊಡಗಿದರು. ಆಮೇಲೆ, "ನಾನ್ ಮಾಡಿದ್ದು ಅಂದ್ರೆ ಅಡುಗೆಮನೆ ಕೆಲಸ ಬೇರೆಯೋರಿಗೆ ಕೊಟ್ಬಿಡ್ತೀರೇನೋ ಅನ್ನಿಸ್ತಮ್ಮ" ಅಂದರು.

ಮುನಿಕೃಷ್ಣ ಚೀಲ ಕೆಳಗಿಟ್ಟರು. "ಮೊದ್ಲೇ ನನ್ ಕಿವೀಲಿ ಒಂದ್ ಮಾತು ಹಾಕಿದ್ರೆ ತಪ್ಪು ನಂದೇ ಅಂತಿದ್ನಲ್ಲಣ್ಣ. ಎದುರಿಗೇ ನಿಂತಿದ್ದೆ."

ಲಕ್ಷ್ಮೀಶ ಫೋನು ಜೇಬಿಗಿಟ್ಟರು. ಹೊರಗೆ ಹೋಗಿ ಸ್ಕೂಟರ್ ಹತ್ತಿದರು.

ಮುನಿಕೃಷ್ಣ ಆ ಟೈಲ್ಸ್ ಒಡೆದು ತೆಗೆದು, ಇಡೀ ದಿನ ಕುಳಿತು ಹೊಸ ಅಂಚು ಕೂಡಿಸಿದರು. ಭಾಗೀರಥಮ್ಮ ಕಟ್ಟು ಹಾಕಿರದ ಎಡಗೈಯಿಂದ ಮುಟ್ಟಿ, "ಬೆಣ್ಣೆ ಹಂಗಿದೆ ಕಣಪ್ಪ. ಅಡುಗೆಮನೇನೂ ನೀನೇ ಮಾಡು" ಅಂದರು. ಮುನಿಕೃಷ್ಣ ತಲೆಯಾಡಿಸಿದರು. "ಬೇಡಮ್ಮ. ಇನ್ನು ಯಾರ್ ಮಾತ್ ನಂಬ್ಕೊಂಡೂ ಅರ್ಧ ಕೆಲಸ ಬಿಟ್ಟು ಹೋಗಕ್ಕಾಗಲ್ಲ ನಂಗೆ."

ಈಗ ಮುನಿಕೃಷ್ಣ ಕುಮಾರ ಪಾರ್ಕಿನ ಹತ್ತಿರದ ಒಂದು ಟೈಲ್ಸ್ ಅಂಗಡಿಯಲ್ಲಿ, ಗಿರಾಕಿಗಳು ಬರೆದುಕೊಟ್ಟ ಅಳತೆಗೆ ಟೈಲ್ಸ್ ಕತ್ತರಿಸಿಕೊಡುತ್ತಾರೆ. ಕೂಡಿಸುವುದಕ್ಕೆ ಯಾರ ಮನೆಗೂ ಹೋಗುವುದಿಲ್ಲ.