ಅದೃಷ್ಟಕ್ಕೆ ಅಳೆದ ಬಾಗಿಲು

“ಈಗಿಂದೂ ಒಂದು ಶೋರೂಮಾ ಅತ್ತಿಗೆ? ಮೊನ್ನೆ ಮಗಳು ಕರ್ಕೊಂಡು ಹೋಗಿದ್ಲು, ಊರಾಚೆ ದೊಡ್ಡ ರಸ್ತೆ ಪಕ್ಕ. ಆಸ್ಪತ್ರೆ ಇದ್ದಂಗಿದೆ. ಎಲ್ಲಾ ಗಾಜು, ಎಲ್ಲಾ ಬಿಳಿ. ಕಾರಿನ ಹತ್ರ ಹೋದ್ರೆ ಟೈ ಕಟ್ಕೊಂಡೋನೊಬ್ಬ ಬಂದು ‘ಅಪಾಯಿಂಟ್‌ಮೆಂಟ್ ಇದೆಯಾ?’ ಅಂತಾನೆ. ಕಾರು ನೋಡೋಕೆ ಅಪಾಯಿಂಟ್‌ಮೆಂಟಾ? ನಾನೇನು ಹಲ್ಲು ಕೀಳಿಸ್ಕೊಳ್ಳೋಕೆ ಬಂದಿದೀನಾ? ನಮ್ಮದು ನೆನೆಸ್ಕೊಳ್ಳಿ. ಹದಿನೆಂಟೇ ಅಡಿ ಅಗಲ. ಒಂದು ಕಾರು ನಿಲ್ಸಿದ್ರೆ ಗಿರಾಕಿಗೆ ಜಾಗ ಇರ್ತಿತ್ತು. ಎರಡು ನಿಲ್ಸಿದ್ರೆ ಗಿರಾಕಿ ಗೋಡೆಗೆ ಹಲ್ಲಿ ಥರ ಅಂಟ್ಕೊಂಡೇ ನೋಡ್ಬೇಕು. ಮೈ ಇರೋರಿಗೆ ನಾನು ಬಾಗ್ಲಲ್ಲೇ ಹೇಳ್ತಿದ್ದೆ, ‘ಉಸಿರು ಹೊರಗೆ ಬಿಟ್ಟು ಬನ್ನಿ ತಾವ್ಕೆ, ಒಳಗೆ ಬಂದ್ಮೇಲೆ ಎಳ್ಕೊಳ್ಳೋರಂತೆ.’ ಕಾರಿಗೆ ಹಚ್ಚೋ ಮೇಣದ ವಾಸನೆ, ಗೋಡೆ ಆಚೆಯಿಂದ ನೀವು ಕಾಫಿ ಬೀಜ ಹುರಿಯೋ ವಾಸನೆ. ಆ ವಾಸನೆಗೇ ಅರ್ಧ ಕಾರು ಮಾರಾಟ ಆಗ್ತಿತ್ತು, ಮಿಕ್ಕರ್ಧ ಮಾರೋದು ನನ್ನ ಕೆಲಸ. ಯಾರೂ ಬರದ ದಿನಾನೇ ಜಾಸ್ತಿ ಅನ್ನಿ. ಆದ್ರೂ ಬೇಜಾರಾಗ್ತಿರ್ಲಿಲ್ಲ. ಅಂಥ ಕಾರಿನ ಪಕ್ಕ ಸುಮ್ನೆ ಕೂತಿದ್ರೆ ನಾನೇ ಎಲ್ಲಿಗೋ ಹೊರಟಿದೀನಿ ಅನ್ಸೋದು.”

ನನ್ನನ್ನು ಅತ್ತಿಗೆ ಎಂದು ಕರೆದು ಹೀಗೆ ಹೇಳುವವನು ಲೋಕ್ ಪಾಂಗ್. ಈಗ ಅವನಿಗೆ ಎಪ್ಪತ್ತೊಂಬತ್ತು. ಮಲೇಷ್ಯಾದ ಇಪೋ ಊರಿನ ಹಳೇ ಪೇಟೆಯಲ್ಲಿ ನಮ್ಮ ಕಾಫಿ ಅಂಗಡಿ, ಅದರ ಪಕ್ಕದ ಮಳಿಗೆಯೇ ಅವನ ಶೋರೂಮು. ಅವನದು ಅಂದರೆ ಅವನದಲ್ಲ. ಎರಡೂ ಮಳಿಗೆಗಳ ಒಡೆಯ ತಾವ್ಕೆ ಲಿಯೋಂಗ್, ತವರದ ಗಣಿಯವರು. ತಾವ್ಕೆ ಅಂದರೆ ಧಣಿ; ಪಾಂಗ್ ಗಿರಾಕಿಗಳನ್ನೆಲ್ಲ ಹಾಗೇ ಕರೆದರೂ ನಮಗೆ ತಾವ್ಕೆ ಅಂದರೆ ಅವರೇ. ಅವರಿಗೆ ಇಟಲಿಯ ಓಟದ ಕಾರುಗಳೆಂದರೆ ಹುಚ್ಚು. ಆ ಹುಚ್ಚಿಗೆ ಒಂದು ಬಾಗಿಲು, ಒಂದು ಬೀಗ, ಒಬ್ಬ ಪಾಂಗ್.

ಮಾರುವವನೂ ಅವನೇ, ಒರೆಸುವವನೂ ಅವನೇ, ಫೋನು ಎತ್ತುವವನೂ ಅವನೇ. ಫೋನು ಬಂದರೆ ಮೊದಲು ಸಣ್ಣ ದನಿಯಲ್ಲಿ, “ಸ್ವಲ್ಪ ಇರಿ, ಮ್ಯಾನೇಜರಿಗೆ ಕೊಡ್ತೀನಿ” ಅನ್ನುತ್ತಿದ್ದ. ಆಮೇಲೆ ಕೆಮ್ಮಿ ಗಂಟಲು ದಪ್ಪ ಮಾಡಿಕೊಂಡು, “ಮ್ಯಾನೇಜರ್ ಮಾತಾಡ್ತಿರೋದು” ಅನ್ನುತ್ತಿದ್ದ. ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ನಮ್ಮಿಬ್ಬರ ಮಧ್ಯದ ಗೋಡೆ ಒಂದು ಕಡೆ ತೆಳ್ಳಗಿತ್ತು. ಅಲ್ಲಿ ಕೂತು ಲೋಟ ಒರೆಸುತ್ತಿದ್ದರೆ ಅವನು ಆಕಳಿಸಿದ್ದೂ ಕೇಳಿಸುತ್ತಿತ್ತು.

ಇಂಥವನಿಗೆ ಕಾರು ಹತ್ತಿದರೆ ವಾಂತಿ. ಎರಡು ತಿರುವು ಕಳೆಯುವಷ್ಟರಲ್ಲಿ ಮುಖ ಹಸಿರಾಗುತ್ತಿತ್ತು. ದಿನಾ ಸೈಕಲ್ಲಿನಲ್ಲಿ ಬಂದು, ಗಿರಾಕಿಗಳ ಕಣ್ಣಿಗೆ ಬೀಳದ ಹಾಗೆ ಅದನ್ನು ನಮ್ಮ ಹಿತ್ತಲಲ್ಲಿ ಬಚ್ಚಿಡುತ್ತಿದ್ದ.

ನಮ್ಮ ಚೀನೀ ಪಂಚಾಂಗದ ಕುದುರೆ ವರ್ಷ ಮುಗಿಯುತ್ತಾ ಬಂದಿತ್ತು, ಎಪ್ಪತ್ತೆಂಟನೇ ಇಸವಿ. ಒಳಗೆ ಒಂದು ಹಳದಿ ಕಾರು ಹದಿನಾಲ್ಕು ತಿಂಗಳಿಂದ ನಿಂತಲ್ಲೇ ನಿಂತಿತ್ತು. ತವರದ ಬೆಲೆ ಹೇಗಿತ್ತೋ ಏನೋ, ಕೊಳ್ಳುವವರು ಬರಲಿಲ್ಲ. ಒಂದು ದಿನ ತಾವ್ಕೆ ಬಂದು ಹೇಳಿದ್ದು ಗೋಡೆಯಾಚೆಯಿಂದ ಸ್ಪಷ್ಟವಾಗಿ ಕೇಳಿತು.

“ಹೊಸ ವರ್ಷದೊಳಗೆ ಇದು ಹೋಗ್ಲಿಲ್ಲ ಅಂದ್ರೆ ಶೋರೂಮ್ ಮುಚ್ತೀನಿ ಪಾಂಗ್. ಶವಪೆಟ್ಟಿಗೆ ಮಾಡೋನು ಜಾಗ ಕೇಳ್ತಿದಾನೆ.”

“ನನ್ನ ಗತಿ ಏನು ತಾವ್ಕೆ?”

“ನೀನು ಇಲ್ಲೇ ಇರು. ಅದೂ ಒರೆಸಿ ಹೊಳಪು ಕೊಡೋ ಕೆಲಸಾನೇ.”

ಪಾಂಗ್ ಬಂದು ನಮ್ಮಲ್ಲಿ ಕೂತ. ಮುಂದಿಟ್ಟ ಕಾಫಿ ಕೆನೆಗಟ್ಟಿತು, ಕುಡಿಯಲಿಲ್ಲ. “ಪೆಟ್ಟಿಗೆ ಕೊಳ್ಳೋಕೆ ಬಂದೋರ ಹತ್ರ ನಾನು ಏನಂತ ಮಾತಾಡ್ಲಿ ಅತ್ತಿಗೆ? ‘ಒಂದ್ಸಲ ಒಳಗೆ ಕೂತು ನೋಡಿ’ ಅನ್ಲಾ?”

ನಮ್ಮ ಯಜಮಾನರು ಒಲೆಯ ಹತ್ತಿರದಿಂದ, “ಅನ್ನು. ಅದರಲ್ಲಿ ನಿನಗೆ ವಾಂತಿ ಬರಲ್ಲ” ಅಂದರು. ಅವರ ಬಾಯಿ ಹಾಗೆ.

ತಾವ್ಕೆ ಕೊನೆಯ ಪ್ರಯತ್ನ ಅಂತ ಗಾಳಿ-ನೀರು, ಅಂದರೆ ಚೀನೀ ವಾಸ್ತು, ನೋಡುವ ಚೋಂಗ್ ಮೇಷ್ಟ್ರನ್ನು ಕರೆಸಿದರು. ಮೇಷ್ಟ್ರು ಬಾಗಿಲಲ್ಲಿ ನಿಂತು ಎದುರಿನ ಗಲ್ಲಿ ನೋಡಿದರು. ಗಲ್ಲಿ ನೇರ ಬಂದು ಶೋರೂಮಿನ ಬಾಗಿಲಿಗೇ ಮುಟ್ಟುತ್ತಿತ್ತು. “ಈಟಿ ಎದೆಗೆ ನೆಟ್ಟಂಗಿದೆ. ಇನ್ನು ಅದೃಷ್ಟ ಎಲ್ಲಿ ನಿಲ್ಲುತ್ತೆ? ಬಾಗಿಲು ಓರೆ ಮಾಡಿ, ಕಿರಿದು ಮಾಡಿ. ಒಳಗೆ ಬಂದದ್ದು ಹೊರಗೆ ಹೋಗಬಾರದು.”

ಅವರ ಹತ್ತಿರ ಒಂದು ಅಳತೆಪಟ್ಟಿ. ಅದರ ತುಂಬ ಕೆಂಪು ಮನೆ, ಕಪ್ಪು ಮನೆ. ಅಳತೆ ಕೆಂಪಿಗೆ ಬಿದ್ದರೆ ಧನ, ಸಂತಾನ. ಕಪ್ಪಿಗೆ ಬಿದ್ದರೆ ರೋಗ, ಕೋರ್ಟು. ಮೂರು ದಿನ ಗಾರೆಯವರು ಕೆಲಸ ಮಾಡಿದರು. ಕೂದಲೆಳೆ ಆಚೀಚೆ ಆಗದಂತೆ ಬಾಗಿಲ ಅಗಲ ‘ಧನ’ದ ಮನೆಯ ನಟ್ಟನಡುವೆ ಬಂದು ಕೂತಿತು. ಪಟ್ಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದವನು ಪಾಂಗ್. ಧೂಳು ಬೀಳಬಾರದೆಂದು ಕಾರಿಗೆ ನನ್ನ ಹಾಸಿಗೆ ಹೊದಿಕೆಯನ್ನೇ ಇಸಕೊಂಡು ಹೊದಿಸಿದ್ದ.

ಬಾಗಿಲಾದ ಐದನೇ ದಿನ ಗಿರಾಕಿ ಬಂದ!

ತಂಬೂನ್ ಊರಿನ ಹ್ಯೂ, ಚಕ್ಕೋತದ ತೋಟದವನು. ಮೊಣಕಾಲ ಮೇಲಿನ ಚಡ್ಡಿ, ತೂತು ಬನಿಯನ್ನು, ರಬ್ಬರ್ ಚಪ್ಪಲಿ. ಬೇರೆ ಯಾರಾದರೂ ವಿಳಾಸ ಕೇಳಲು ಬಂದವನೆಂದು ಸಾಗಹಾಕುತ್ತಿದ್ದರು. ಪಾಂಗ್ ಗೋಡೆ ಬಡಿದು, “ಅತ್ತಿಗೆ, ಎರಡು ಬಿಳಿ ಕಾಫಿ!” ಅಂತ ಕೂಗಿದ. ನಾನೇ ತಗೊಂಡು ಹೋದೆ.

ಹ್ಯೂ ಕಾರಿನ ಸುತ್ತ ಒಂದು ಸುತ್ತು ಬಂದು ಕೇಳಿದ, “ಇದರಲ್ಲಿ ಚಕ್ಕೋತ ಎಷ್ಟು ಹಿಡಿಯುತ್ತೆ?”

“ಎರಡು ಹಿಡಿಯುತ್ತೆ ತಾವ್ಕೆ,” ಅಂದ ಪಾಂಗ್, ಮುಖದಲ್ಲಿ ನಗೆಯೇ ಇಲ್ಲ. “ಆದ್ರೆ ಊರಲ್ಲಿರೋ ಎಲ್ಲರ ಚಕ್ಕೋತಕ್ಕಿಂತ ಒಂದು ಗಂಟೆ ಮುಂಚೆ ಪೇಟೆ ಮುಟ್ತವೆ.”

ಹ್ಯೂ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟಕ್ಕೇ ವ್ಯಾಪಾರ ಮುಗಿಯಿತು. ಪಂಚಾಂಗ ಹೊರಗೆ ತೆಗೆದು ದಿನ ಗೊತ್ತು ಮಾಡಿದ. ಹನ್ನೆರಡನೇ ತಿಂಗಳ ಹದಿನೆಂಟು, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಗಾಡಿ ರಸ್ತೆಗೆ ಇಳಿಯಬೇಕು. “ಒಂದು ನಿಮಿಷ ದಾಟಿದ್ರೂ ನನಗೆ ಬೇಡಪ್ಪ. ಬರೋ ಮೇಕೆ ವರ್ಷ ಪೂರ್ತಿ ನನಗೆ ವಾಹನ ಯೋಗ ಇಲ್ಲ.”

ಆ ಹದಿನೆಂಟರ ಬೆಳಿಗ್ಗೆ ಆರು ಗಂಟೆಗೆ ಪಾಂಗ್ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದ. ಮುಖ ಹಬೆಯಲ್ಲಿ ಬೆಂದ ಹಿಟ್ಟಿನುಂಡೆ.

“ಅತ್ತಿಗೆ, ಕಾರು ಹೊರಗೆ ಬರಲ್ಲ.”

“ಯಾಕೆ, ಬ್ಯಾಟರಿ ಹೋಯ್ತಾ?”

“ಬ್ಯಾಟರಿ ಇದೆ. ಎಂಜಿನ್ನೂ ಇದೆ. ಬಾಗಿಲು ಸಾಲದು.”

“ಎಷ್ಟು ಸಾಲದು?”

ಬಲಗೈಯ ಮೂರು ಬೆರಳು ತೋರಿಸಿ, ಪಕ್ಕದಲ್ಲಿ ಎಡಗೈಯ ಒಂದು ಬೆರಳು ಇಟ್ಟ. ನಮ್ಮ ಭಾಷೆಯಲ್ಲಿ ನಾಲ್ಕಕ್ಕೂ ಸಾವಿಗೂ ಹೆಚ್ಚುಕಡಿಮೆ ಒಂದೇ ಉಚ್ಚಾರ; ಅಂಥ ದಿನ ಒಂದೇ ಕೈಯಲ್ಲಿ ನಾಲ್ಕು ತೋರಿಸಿ ಸಾವನ್ನು ಯಾರು ಕರೆಯುತ್ತಾರೆ?

ಯಜಮಾನರು ಕಾಫಿ ಸೋಸುವ ಬಟ್ಟೆ ಹಿಡಿದೇ ಕೇಳಿದರು, “ಅಲ್ಲಯ್ಯಾ, ಮೂರು ದಿನ ಅಳೆದ್ರಲ್ಲ, ಏನನ್ನ ಅಳೆದ್ರಿ?”

“ಅದೃಷ್ಟಾನ ಅಳೆದ್ವಿ ಅಣ್ಣ. ಕಾರನ್ನ ಅಳೀಲಿಲ್ಲ.”

ತಾವ್ಕೆಗೂ ಮೇಷ್ಟ್ರಿಗೂ ಹೇಳಿಕಳಿಸಿದ್ದಾಯಿತು. ಗಾರೆಯವರು ಸಲಾಕೆ ಹಿಡಿದು ಬಂದರು. ತಾವ್ಕೆ ಬಾಗಿಲಿಗೆ ಅಡ್ಡ ನಿಂತುಬಿಟ್ಟರು. “ಹದಿನಾಲ್ಕು ತಿಂಗಳು ಬಾರದ ಗಿರಾಕಿ ಐದು ದಿನಕ್ಕೆ ಬಂದ. ಈ ಬಾಗಿಲಿಗೆ ಕೈ ಹಚ್ಚಿದೋನ ಕೈ ಮುರೀತೀನಿ.”

“ಹಾಗಾದ್ರೆ ಕಾರು ಹೋಗೋದು ಹೇಗೆ ತಾವ್ಕೆ?”

“ಅದು ನಿನ್ನ ಕೆಲಸ. ಹನ್ನೊಂದರೊಳಗೆ ಹೋಗ್ಲಿಲ್ಲ ಅಂದ್ರೆ ಪೆಟ್ಟಿಗೆಯೋನಿಗೆ ಬೀಗದ ಕೈ ಕೊಡ್ತೀನಿ.”

ಪಾಂಗ್ ಮೇಷ್ಟ್ರ ಕಡೆ ತಿರುಗಿದ. ಅವರು ತಣ್ಣಗೆ ಹೇಳಿದರು, “ನಾನು ಏನು ಹೇಳಿದ್ದೆ? ಒಳಗೆ ಬಂದದ್ದು ಹೊರಗೆ ಹೋಗಬಾರದು ಅಂತ ತಾನೆ? ಹೋಗ್ತಿಲ್ಲ. ನನ್ನ ಕೆಲಸದಲ್ಲಿ ತಪ್ಪು ಎಲ್ಲಿದೆ?”

ಪಾಂಗ್ ಕಾರಿನ ಪಕ್ಕ ನೆಲದ ಮೇಲೆ ಕುಸಿದು ಕೂತ. ಅಷ್ಟು ವರ್ಷದಲ್ಲಿ ಅವನು ಬರೀ ನೆಲದ ಮೇಲೆ ಕೂತಿದ್ದನ್ನು ನಾನು ನೋಡಿರಲಿಲ್ಲ; ಪ್ಯಾಂಟಿನ ಇಸ್ತ್ರಿ ಕೆಡುತ್ತದಲ್ಲ. ನೋಡಿ ನನಗೆ ತಡೆಯಲಾಗಲಿಲ್ಲ. ಒಳಗೆ ಹೋಗಿ ಸೌಟು ತಂದು, ನಾನು ದಿನಾ ಕೂರುವ ಜಾಗದ ಗೋಡೆಗೆ ಬಡಿದೆ. ಟೊಳ್ಳು ಸದ್ದು. ಎರಡಡಿ ಪಕ್ಕ ಬಡಿದೆ, ಗಟ್ಟಿ ಸದ್ದು. ಹಿಂದೆ ಎರಡೂ ಮಳಿಗೆ ಒಂದೇ ಆಗಿದ್ದಾಗ ಅಲ್ಲೊಂದು ಕಮಾನು ಇತ್ತೆಂದು ನಮ್ಮತ್ತೆ ಹೇಳಿದ್ದರು. ಅದನ್ನು ಒಂದೇ ಸಾಲು ಇಟ್ಟಿಗೆಯಲ್ಲಿ ಮುಚ್ಚಿದ್ದರು.

“ಇಲ್ಲಿ ಒಡೀರಿ. ನಮ್ಮ ಅಂಗಡಿ ಮುಂಬಾಗಿಲು ಪೂರ್ತಿ ಮಡಚುತ್ತೆ. ಎತ್ತಿನ ಗಾಡಿ ಬೇಕಾದ್ರೂ ಹೋಗ್ಲಿ.”

ಯಜಮಾನರು ಹೌಹಾರಿದರು. “ಲೇ, ಗೋಡೆ ತೂತಾದ್ರೆ ಅವರ ಅದೃಷ್ಟ ಈ ಕಡೆ ಬರುತ್ತೋ, ನಮ್ಮದು ಆ ಕಡೆ ಹೋಗುತ್ತೋ? ಅದು ಮೊದಲು ಗೊತ್ತಾಗ್ಲಿ.”

“ನಮ್ಮದು ಇದ್ರೆ ತಾನೆ ಹೋಗೋಕೆ?” ಅಂದೆ.

ಎಲ್ಲರೂ ಮೇಷ್ಟ್ರನ್ನು ನೋಡಿದರು. ಅವರು ಮೀಸೆ ಸವರಿಕೊಂಡು, “ಬಾಗಿಲು ಅಲುಗಬಾರದು. ಗೋಡೆ ಬಗ್ಗೆ ನಾನು ಏನೂ ಹೇಳಿಲ್ಲ” ಅಂದರು. ಹೇಳಿ ಪಟ್ಟಿ ತೆಗೆದರು.

ಈ ಸಲ ಪಾಂಗ್ ಯಾರನ್ನೂ ಕಾಯದೆ ಮೊದಲು ಕಾರಿಗೆ ದಾರ ಹಿಡಿದ. ಆ ದಾರವನ್ನು ಗೋಡೆಗೆ ಹಿಡಿದರೆ ಮೇಷ್ಟ್ರ ಪಟ್ಟಿಯಲ್ಲಿ ಅದು ಬಿದ್ದದ್ದು ‘ಕೋರ್ಟಿ’ನ ಮನೆಗೆ. “ಅರ್ಧ ಗೇಣು ಹೆಚ್ಚು ಒಡೀರಿ,” ಅಂದರು ಮೇಷ್ಟ್ರು, “ಸಂತಾನಕ್ಕೆ ಬರುತ್ತೆ.” ನನಗಾಗಲೇ ಐದು ಮಕ್ಕಳು. ಸಾಕೆಂದು ಹೇಳುವಷ್ಟರಲ್ಲಿ ಸಲಾಕೆ ಬಿತ್ತು.

ಅಂಗಡಿಯ ಗಿರಾಕಿಗಳೆಲ್ಲ ಎದ್ದು ಅಮೃತಶಿಲೆಯ ಮೇಜುಗಳನ್ನು ಮೂಲೆಗೆ ಸರಿಸಿದರು. ಏಳದವರು ಒಬ್ಬರೇ, ಕುದುರೆ ಜೂಜಿನ ಪುಟ ಓದುವ ಸೀಟೋ ಅಜ್ಜ.

“ಏಳಿ ಅಜ್ಜ, ಕಾರು ಬರುತ್ತೆ.”

“ಬರ್ಲಿ. ನಾನು ಮೊದ್ಲು ಬಂದೋನು. ನನ್ನ ಅರೆಬೆಂದ ಮೊಟ್ಟೆ ಎಲ್ಲಿ?”

ಹತ್ತು ಗಂಟೆಗೆ ಕಮಾನು ತೆರೆಯಿತು. ಹನ್ನೆರಡು ಜನ ಕಾರಿನ ಹಿಂಭಾಗ ಎತ್ತಿ ಎತ್ತಿ ಅಡ್ಡಕ್ಕೆ ತಿರುಗಿಸಿದರು. ಪಾಂಗ್ ಮುಂದೆ ನಿಂತು, ಹಸುಗೂಸು ಇಳಿಸಿಕೊಳ್ಳುವ ಸೂಲಗಿತ್ತಿಯ ಹಾಗೆ ಎರಡೂ ಕೈ ಚಾಚಿ, “ಬಾ, ಬಾ, ಹಾಂ, ಮೆಲ್ಲಗೆ” ಅನ್ನುತ್ತಿದ್ದ. ಹಳದಿ ಮೂತಿ ನಮ್ಮ ಸಕ್ಕರೆ ಡಬ್ಬದ ಪಕ್ಕ ಹೊರಬಂತು. ಸೀಟೋ ಅಜ್ಜ ಕಪ್ಪು ಬಸಿ ಎರಡನ್ನೂ ತಲೆಯ ಮೇಲೆತ್ತಿ ಹಿಡಿದು ಕಾಲು ಮಡಚಿಕೊಂಡರು, ಕಾರು ದಾಟಿತು, ಕಪ್ಪು ಕೆಳಗಿಟ್ಟು ಮತ್ತೆ ಓದಿದರು.

ಹ್ಯೂ ಹೊರಗೆ ಓರೆ ಬಾಗಿಲಿನ ಎದುರು ಕೆಂಪು ಬಟ್ಟೆ, ಪಟಾಕಿ ಹಿಡಿದು ಕಾಯುತ್ತಿದ್ದ. ಕಾರು ಬಂದದ್ದು ಅವನ ಬೆನ್ನ ಹಿಂದೆ, ಕಾಫಿ ಅಂಗಡಿಯಿಂದ. ಚರಂಡಿಯ ಮೇಲೆ ಹಲಗೆ ಹಾಸಿ ರಸ್ತೆಗಿಳಿಸಿದಾಗ ಹನ್ನೊಂದಕ್ಕೆ ಏಳು ನಿಮಿಷ.

“ಇದೇನಯ್ಯಾ, ನಾನು ಆ ಬಾಗಿಲಲ್ಲಿ ಕಾಯ್ತಿದ್ರೆ?”

ಪಾಂಗ್ ತಲೆಯ ಮೇಲಿನ ಇಟ್ಟಿಗೆ ಪುಡಿ ಕೊಡವಿಕೊಂಡ. “ಆ ಬಾಗಿಲು ಅದೃಷ್ಟ ಒಳಗೆ ಬರೋಕೆ ತಾವ್ಕೆ. ನಿಮ್ಮಂಥೋರ ಗಾಡಿ ಹೊರಡೋದು ಒಲೆ ಮುಂದಿಂದ. ಒಲೆ ನೋಡಿ ಹೊರಟ ಗಾಡಿ ಹಸಿವು ಕಾಣಲ್ಲ.”

ಹಾಗೊಂದು ಮಾತು ಯಾವ ಪಂಚಾಂಗದಲ್ಲೂ ಇಲ್ಲ. ಮೇಷ್ಟ್ರು ಮಾತ್ರ ಬಹಳ ಹಿಂದೆಯೇ ಗೊತ್ತಿದ್ದವರಂತೆ ತಲೆಯಾಡಿಸಿದರು. ಹ್ಯೂಗೆ ಕಣ್ಣು ತುಂಬಿ ಬಂತು. ಪಾಂಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸುತ್ತು ಹೋಗುತ್ತೇನೆಂದು ಹಟ ಹಿಡಿದ. “ಅಂಗಡಿ ಬಿಟ್ಟು ಬರೋಕಾಗಲ್ಲ ತಾವ್ಕೆ” ಅಂತ ಪಾಂಗ್ ಕಂಬ ತಬ್ಬಿಕೊಂಡ. ಪಟಾಕಿ ಸಿಡಿಯಿತು. ಹಳದಿ ಕಾರು ಗುಡುಗುತ್ತಾ ಗಲ್ಲಿ ಸೇರಿತು.

ಶೋರೂಮು ಅಲ್ಲಿಂದ ಇನ್ನೂ ಒಂಬತ್ತು ವರ್ಷ ನಡೆಯಿತು. ಬಾಗಿಲನ್ನು ತಾವ್ಕೆ ಯಾರಿಗೂ ಮುಟ್ಟಗೊಡಲಿಲ್ಲ, ಹಾಗಾಗಿ ಬಂದ ಕಾರೆಲ್ಲ ನಮ್ಮ ಮೇಜುಗಳ ನಡುವೆಯೇ ಬಂತು, ಹಾಗೆಯೇ ಹೋಯಿತು. ಈಗ ಅಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಕವರು ಯಾವ ಬಾಗಿಲಲ್ಲಾದರೂ ಹೋಗುತ್ತದೆ, ಅಂತ ಪಾಂಗ್ ಮೂಗು ಮುರಿಯುತ್ತಾನೆ.

ಆವತ್ತು ಜನ ಚದುರಿದ ಮೇಲೆ ತಾವ್ಕೆ ಅವನ ಬೆನ್ನು ತಟ್ಟಿ, “ಮುಂದಿನ ತಿಂಗಳು ಕೆಂಪು ಕಾರು ಬರುತ್ತೆ. ಅದು ಸ್ವಲ್ಪ ಅಗಲ, ಮೊದ್ಲೇ ಹೇಳಿದೀನಿ” ಅಂದು ಹೊರಟುಹೋದರು. ಪಾಂಗ್ ಕಮಾನಿನ ಕೆಳಗೆ ನಿಂತು ಆ ಕಡೆ ನೋಡಿದ, ಈ ಕಡೆ ನೋಡಿದ. ನಮ್ಮ ನೆಲದ ಮೇಲೆ ಇಟ್ಟಿಗೆಯ ಕೆಂಪು ಪುಡಿ, ಅದರ ಮೇಲೆ ಚಕ್ರದ ಎರಡು ಗೆರೆ, ಸೀಟೋ ಅಜ್ಜನ ಮೊಟ್ಟೆಯ ಸಿಪ್ಪೆ.

“ಪೊರಕೆ ಎಲ್ಲಿದೆ ಅತ್ತಿಗೆ?”

“ಬಾಗಿಲ ಹಿಂದೆ. ಬಕೆಟ್ಟೂ ಅಲ್ಲೇ ಇದೆ. ನೀರು ಹಾಕೋ ಮೊದಲು ಗುಡಿಸು, ಇಲ್ದಿದ್ರೆ ಕೆಸರಾಗುತ್ತೆ.”

ಇಸ್ತ್ರಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು ಅವನು ಮೂಲೆಯಿಂದ ಗುಡಿಸತೊಡಗಿದ. ನಾನು ಮಧ್ಯಾಹ್ನದ ಗಿರಾಕಿಗಳಿಗೆಂದು ಕೆಟಲಿಗೆ ನೀರು ತುಂಬಿ ಒಲೆಯ ಮೇಲಿಟ್ಟೆ.