ಬೇರಿನ ಮಚ್ಚು

ಕೆಂಕೆರೆಯ ಬೆಟ್ಟಸ್ವಾಮಿಗೆ ಸ್ವಂತದ್ದೆಂದು ಇದ್ದದ್ದು ಹದಿನೆಂಟು ತೆಂಗಿನ ಮರ. ಆದರೆ ಹುಳಿಯಾರಿನಿಂದ ಅರಳಗುಪ್ಪೆಯವರೆಗೆ ಅವನು ಬುಡ ಕೆದಕದ ತೋಟ ಕಡಿಮೆ. ಕಾಯಿಗೆ ನುಸಿ ಬಿದ್ದರೆ, ಗರಿಗೆ ಹುಳು ಹತ್ತಿದರೆ ತೋಟದವರು ಮೊದಲು ಅವನಿಗೆ ಫೋನು ಮಾಡುತ್ತಿದ್ದರು. ಬೇರಿನ ಮೂಲಕ ಮರಕ್ಕೆ ಔಷಧಿ ಕುಡಿಸುವುದು ಅವನ ಕಸುಬು. ಬೆಟ್ಟಸ್ವಾಮಿ ಎಂಬ ಹೆಸರಿನವರು ಊರಲ್ಲಿ ಇನ್ನೂ ಇಬ್ಬರಿದ್ದರು. ಇವನು ಬೇರಿನ ಬೆಟ್ಟಸ್ವಾಮಿ.

ಕೆಲಸ ಹೇಳುವುದಕ್ಕೆ ಸುಲಭ. ಬುಡದಿಂದ ಎರಡು ಮೂರು ಅಡಿ ಬಿಟ್ಟು ಮಣ್ಣು ಸರಿಸಿ, ಪೆನ್ಸಿಲ್ ದಪ್ಪದ ಒಂದು ಎಳೆಯ ಬೇರನ್ನು ಹುಡುಕಬೇಕು. ಅದರ ತುದಿಯನ್ನು ಮಚ್ಚಿನಿಂದ ಓರೆಯಾಗಿ ಕೊಯ್ದು, ಔಷಧಿ ತುಂಬಿದ ಪ್ಲಾಸ್ಟಿಕ್ ಕೊಟ್ಟೆಯೊಳಗೆ ಇಳಿಸಿ, ದಾರ ಬಿಗಿದು ಮಣ್ಣು ಮುಚ್ಚಬೇಕು. ಬೇರಿನಲ್ಲಿ ಜೀವವಿದ್ದರೆ ಮಾರನೆಯ ಬೆಳಿಗ್ಗೆಗೆ ಕೊಟ್ಟೆ ಖಾಲಿ. ಮುದಿ ಬೇರಾದರೆ ಔಷಧಿ ಹಾಗೇ ನಿಂತಿರುತ್ತದೆ. ಯಾವುದು ಎಳೆಯದು, ಯಾವುದು ಮುದಿ ಎಂಬುದು ಕಣ್ಣಿಗಿಂತ ಬೆರಳಿಗೆ ಬೇಗ ತಿಳಿಯುತ್ತದೆ. ಎಳೆಯ ಬೇರನ್ನು ಒತ್ತಿದರೆ ಒಳಗೆ ನೀರಿದ್ದ ಹಾಗೆ ಮಿದುವಾಗಿ ಬಾಗುತ್ತದೆ. ಗ್ಲೌಸ್ ಹಾಕಿಕೊಂಡ ಬೆರಳಿಗೆ ಅದು ಗೊತ್ತಾಗುವುದಿಲ್ಲ. ಔಷಧಿ ಅಂಗಡಿಯವನು ಪುಕ್ಕಟೆ ಕೊಟ್ಟ ಗ್ಲೌಸನ್ನು ಬೆಟ್ಟಸ್ವಾಮಿ ಒಂದೇ ದಿನ ಹಾಕಿ, ಆಮೇಲೆ ಕೊಟ್ಟಿಗೆಯ ಗೂಟಕ್ಕೆ ಸಿಕ್ಕಿಸಿದ್ದ. ಹದಿನಾಲ್ಕು ವರ್ಷ ಅವನು ಬರಿಗೈಯಲ್ಲೇ ಕೆಲಸ ಮಾಡಿದ.

ಒಂದು ವಿಷಯದಲ್ಲಿ ಮಾತ್ರ ಅವನು ಕಟ್ಟುನಿಟ್ಟು. ಔಷಧಿ ಕುಡಿದ ಮರದ ಕಾಯನ್ನು ಒಂದೂವರೆ ತಿಂಗಳು ಯಾರೂ ಕೀಳಕೂಡದು. "ಮಕ್ಳು ಮರಿ ಇರೋ ಮನೆ ಕಣ್ರೀ, ಮರ್ತು ಕಿತ್ಗಿತ್ತೀರ," ಎಂದು ಪ್ರತಿ ತೋಟದಲ್ಲೂ ಎರಡೆರಡು ಸಲ ಹೇಳಿ ಬರುತ್ತಿದ್ದ. ಹಾಗಾಗಿ ತೋಟದವರು ಬೇಕಾದ ಎಳನೀರನ್ನು ಮೊದಲೇ ಇಳಿಸಿಕೊಂಡು, ಕೆಲಸ ಮುಗಿದ ಮೇಲೆ ಅದರಲ್ಲೇ ಒಂದು ಗೊನೆಯನ್ನು ಅವನ ಬೈಕಿಗೆ ಕಟ್ಟಿ ಕಳಿಸುವುದು ರೂಢಿಯಾಗಿತ್ತು.

ಮದುವೆಯಾದ ಎರಡನೆಯ ವರ್ಷ ಹೆಂಡತಿ ಅನಿತಾಗೆ ತಿಂಗಳು ನಿಂತಾಗ ಆ ಗೊನೆಗಳೆಲ್ಲ ಅವಳ ಪಾಲಿಗೆ ಬಂದವು. ಸಂಜೆ ಬಂದವನೇ ಜಗಲಿಯ ಮೇಲೆ ಕೂತು, ಸೊಂಟದ ಮಚ್ಚನ್ನು ಲುಂಗಿಗೆ ಒರೆಸಿ, ಎಳನೀರಿನ ನೆತ್ತಿಯನ್ನು ಮೂರೇಟಿಗೆ ಸೀಳಿ ಕೊಡುತ್ತಿದ್ದ. ಅವಳು ಕುಡಿದು ಮುಗಿಸುವವರೆಗೆ ಎದ್ದು ಹೋಗುತ್ತಿರಲಿಲ್ಲ. "ಕುಡಿ, ಹೊಟ್ಟೆ ತಂಪಾಗ್ಲಿ," ಎನ್ನುತ್ತಿದ್ದ. ಬೇಡವೆಂದರೂ ಒಳಗಿನ ಮಿದು ಗಂಜಿಯನ್ನೂ ತೆಗೆದು ಚಿಪ್ಪಿನಲ್ಲಿ ಮುಂದಿಡುತ್ತಿದ್ದ. ಮೂರನೆಯ ತಿಂಗಳಲ್ಲಿ ಹೊಟ್ಟೆಯಲ್ಲಿದ್ದದ್ದು ಹೋಯಿತು. ಮತ್ತೆ ನಿಲ್ಲಲೇ ಇಲ್ಲ.

ಆಮೇಲಿನ ಏಳು ವರ್ಷ ಅನಿತಾ ಓಡಾಡಿದ ಆಸ್ಪತ್ರೆಗಳಿಗೆ ಲೆಕ್ಕವಿಲ್ಲ. ಜೊತೆಗೆ ಹೋಗುತ್ತಿದ್ದವಳು ಅತ್ತೆ ಭೂತಮ್ಮ. ಕೆಟ್ಟ ಹೆಂಗಸಲ್ಲ, ಸೊಸೆಗೆ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಹಿಡಿದುಕೊಡುವಳು. ಆದರೆ ಪಕ್ಕದಲ್ಲಿ ಯಾರಾದರೂ ಕೂತು ಎಲೆಅಡಿಕೆ ಬಿಚ್ಚಿದರೆ ಸಾಕು, ಶುರುಮಾಡುವಳು: "ನಮ್ ಬೆಟ್ಟ ಮುಟ್ಟಿದ್ ಮರ ಎಲ್ಲಾ ಹೊಂಬಾಳೆ ಬುಡ್ತವೆ ಕಣವ್ವ. ಮನೇಲಿರೋದೊಂದೇ ಬುಡಾಕಿಲ್ಲ."

ಅನಿತಾ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಮೂವತ್ತೈದು ತುಂಬಿದ ವರ್ಷ ಅವಳು ಯಾರಿಗೂ ಹೇಳದೆ ಒಬ್ಬಳೇ ತಿಪಟೂರಿಗೆ ಹೋಗಿ ವನಜಾಕ್ಷಿ ಎಂಬ ಡಾಕ್ಟರನ್ನು ಕಂಡಳು. ಡಾಕ್ಟರು ಹಳೆಯ ಕಾಗದಗಳನ್ನೆಲ್ಲ ಓದಿ, ಕನ್ನಡಕ ತೆಗೆದರು.

"ನಿಮಗೆ ಮಾಡದಿರೋ ಪರೀಕ್ಷೆ ಇಲ್ಲ. ನಿಮ್ಮ ಯಜಮಾನ್ರದ್ದು ಒಂದೂ ಇಲ್ವಲ್ಲ?"

"ಅವ್ರು ಕೆಲ್ಸಕ್ಕೆ ಹೋಗ್ತಾರೆ ಮೇಡಂ."

"ಕೆಲಸ ನೀವೂ ಮಾಡ್ತೀರಲ್ವಾ? ಮಗು ಬೇಕು ಅಂತ ಮುಂದಿನದ್ದನ್ನ ಯೋಚನೆ ಮಾಡೋದಾದ್ರೆ ಇಬ್ಬರೂ ಬನ್ನಿ. ಒಬ್ಬರನ್ನೇ ಇಟ್ಟುಕೊಂಡು ನಾನು ಏನೂ ಶುರು ಮಾಡಲ್ಲ."

ಮನೆಯಲ್ಲಿ ಬೆಟ್ಟಸ್ವಾಮಿ ನಕ್ಕುಬಿಟ್ಟ. "ನಂಗೇನಾಗದೆ? ಒಂದ್ಸಲ ನಿಂತಿತ್ತಲ್ಲ."

"ನಿಂತಿದ್ದು ನನ್ ಹೊಟ್ಟೇಲೇ ಅಲ್ವಾ? ಆದ್ರೂ ನನ್ನ ಊರೂರು ಎಳ್ಕೊಂಡ್ ಹೋಗ್ಲಿಲ್ವಾ?"

ಯಾವ ದಿನ ಹೋಗಬೇಕೆಂದು ಅವನು ಕೇಳಿದ. ಮರು ಗುರುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಟ.

ಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು ಅದನ್ನು ಇಬ್ಬರ ಮುಂದೆಯೂ ಇಟ್ಟು, ಗಂಡಸಿಗೊಂದು ಹೆಂಗಸಿಗೊಂದು ಎನ್ನದೆ ನೇರವಾಗಿ ಹೇಳಿದರು. ವೀರ್ಯದಲ್ಲಿ ಇರಬೇಕಾದ ವೀರ್ಯಾಣುಗಳಲ್ಲಿ ಕಾಲು ಭಾಗವೂ ಇರಲಿಲ್ಲ. ಇದ್ದವುಗಳಲ್ಲಿ ಓಡಾಡುವಂಥವು ಇನ್ನೂ ಕಡಿಮೆ. ಬೆಟ್ಟಸ್ವಾಮಿ ಮೇಜಿನ ಮೇಲಿದ್ದ ಕೈಗಳನ್ನು ತೊಡೆಯ ಮೇಲೆ ಇಳಿಸಿಕೊಂಡ.

"ಏನು ಕೆಲಸ ಮಾಡ್ತೀರಿ?"

ಅವನು ಹೇಳಿದ. ಡಾಕ್ಟರು ಔಷಧಿಯ ಹೆಸರು ಕೇಳಿದರು, ಎಷ್ಟು ವರ್ಷವಾಯಿತು ಎಂದು ಕೇಳಿದರು.

"ಕೈಗೆ ಏನು ಹಾಕ್ಕೋತೀರಿ?"

"ಏನಿಲ್ಲ ಮೇಡಂ. ಬೇರು ಸಿಗಲ್ಲ."

"ಕೆಲಸದ ಮಧ್ಯೆ ಅದೇ ಕೈಲಿ ಎಲೆಅಡಿಕೆ?"

"ಅದಿಲ್ದೆ ಆಗಲ್ಲ ಮೇಡಂ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಇದರಿಂದಲೇ ಹೀಗಾಯ್ತು ಅಂತ ಹೇಳೋಕಾಗಲ್ಲ. ಅಲ್ಲ ಅಂತಾನೂ ಹೇಳಲ್ಲ. ಇಂಥ ವಿಷ ಮೈಗೆ ಸೇರಿದ್ರೆ ಕಡಿಮೆಯಾಗೋದುಂಟು. ಈಗಿರೋದು ಹೋಗಿ ಹೊಸದು ತಯಾರಾಗೋಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು. ಅಲ್ಲೀವರೆಗೆ ಆ ಔಷಧಿ ಮುಟ್ಟಬೇಡಿ, ಎಲೆಅಡಿಕೆ ಬಿಡಿ. ಆಮೇಲೆ ಮತ್ತೆ ನೋಡೋಣ." ಅನಿತಾಳ ಕಡೆ ತಿರುಗಿದರು. "ನೀವು ಫೋಲಿಕ್ ಆಸಿಡ್ ಮಾತ್ರೆ ಇವತ್ತಿಂದಲೇ ಶುರು ಮಾಡಿ. ಅದು ಮಗು ನಿಲ್ಲೋ ಮುಂಚೆಯೇ ಮೈಯಲ್ಲಿರಬೇಕು. ರಕ್ತ ಕಡಿಮೆ ಇದೆ, ಅದಕ್ಕೂ ಬರೆದಿದ್ದೀನಿ. ಮರದ ಔಷಧಿ ಡಬ್ಬ ಮನೆಯೊಳಗೆ ಬೇಡ. ಇವರ ಕೆಲಸದ ಬಟ್ಟೆ ಬೇರೆ ಒಗೀರಿ. ಬಕೆಟ್ಟು, ಕತ್ತರಿಸೋ ಸಾಮಾನು ಯಾವುದೂ ತಿನ್ನೋ ಕುಡಿಯೋ ವಸ್ತುವಿನ ಹತ್ತಿರ ಬರಬಾರದು."

ಕತ್ತರಿಸುವ ಸಾಮಾನು ಎಂದ ಮೇಲೆ ಡಾಕ್ಟರು ಹೇಳಿದ್ದೊಂದೂ ಬೆಟ್ಟಸ್ವಾಮಿಗೆ ಕೇಳಿಸಲಿಲ್ಲ. ಒಂದು ಕೊಟ್ಟೆ ಕಟ್ಟಿ ಮುಂದಿನ ಮರಕ್ಕೆ ಹೋಗುವಾಗ ಒದ್ದೆ ಕೈಯಲ್ಲೇ ಮಚ್ಚು ಹಿಡಿಯುತ್ತಿದ್ದದ್ದು, ಸಂಜೆ ಅದನ್ನು ಲುಂಗಿಗೆ ಒರೆಸುತ್ತಿದ್ದದ್ದು, ಎಳನೀರಿನ ಬಿಳಿ ನೆತ್ತಿಯ ಮೇಲೆ ಅದು ಇಳಿಯುತ್ತಿದ್ದದ್ದು, ಎಲ್ಲ ಒಂದರ ಹಿಂದೊಂದು ಕಣ್ಣ ಮುಂದೆ ಬಂದವು. ಯಾವ ಮರದ ಕಾಯನ್ನು ಯಾವಾಗ ಕೀಳಬಾರದೆಂದು ಊರಿಗೆಲ್ಲ ಹೇಳಿದವನು ಅವನು. ಮಚ್ಚಿನ ಯೋಚನೆ ಮಾತ್ರ ಒಂದು ದಿನವೂ ಬಂದಿರಲಿಲ್ಲ.

ಅವತ್ತು ಸಂಜೆ ಅವನು ಮಚ್ಚನ್ನು ಜಗಲಿಗೆ ತರಲಿಲ್ಲ.

ಔಷಧಿ ಡಬ್ಬಗಳನ್ನು ಅಂಗಡಿಗೆ ಹಿಂತಿರುಗಿಸಿ, ಹುಳಿಯಾರಿನ ಒಂದು ಮಂಡಿಯಲ್ಲಿ ಕಾಯಿ ಸುಲಿಯುವ ಕೂಲಿಗೆ ಸೇರಿದ. ಮಚ್ಚನ್ನು ಗೋಣಿಯಲ್ಲಿ ಸುತ್ತಿ ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದ. ಮಗನಿಗೇನಾಯಿತೆಂದು ಭೂತಮ್ಮ ಕೇಳಿದಾಗ ಅನಿತಾ ಒಲೆಗೆ ಸೌದೆ ನೂಕುತ್ತಿದ್ದಳು. ಅವನೇ ಹೇಳಿದ: "ದೋಷ ನಂದಂತೆ ಕಣವ್ವ. ಇನ್ಮೇಲೆ ಬಸ್ಸಲ್ಲಿ ಅವ್ಳ ವಿಷ್ಯ ಎತ್ಬ್ಯಾಡ." ಭೂತಮ್ಮ ಆ ರಾತ್ರಿ ಊಟ ಬಿಟ್ಟಳು. ಮಾರನೆಯ ದಿನದಿಂದ ಆಸ್ಪತ್ರೆಯ ಮಾತನ್ನೇ ಬಿಟ್ಟಳು.

ಎರಡನೆಯ ತಿಂಗಳಲ್ಲಿ ಅರಳಗುಪ್ಪೆಯ ಸದಾಶಿವಯ್ಯನವರು ಫೋನು ಮಾಡಿದರು. ಅವರ ತೋಟದ ಒಂದೊಂದು ಮರವೂ ಬೆಟ್ಟಸ್ವಾಮಿಗೆ ಗುರುತಿತ್ತು.

"ಏನಪ್ಪಾ, ಭಾರಿ ಮನ್ಷ ಆಗ್ಬುಟ್ಟೆ. ಕರುದ್ರೂ ಬರಾಕಿಲ್ಲ!"

"ಮೈಗೆ ಹುಷಾರಿಲ್ಲ ಸ್ವಾಮಿ. ಬೇರೆ ಯಾರ್ನಾದ್ರೂ ಕರ್ಸಿ."

"ಕರ್ಸಿದ್ದೆ ಕಣಯ್ಯ. ಎಂಥದೋ ಸತ್ತ ಬೇರಿಗೆ ಕಟ್ಬುಟ್ಟವ್ನೆ, ಕೊಟ್ಟೆ ಎಲ್ಲಾ ತುಂಬಿದ್ದಂಗೇ ಅವೆ. ಒಂದಿನ ಬಂದು ಬೇರು ತೋರ್ಸಿ ಹೋಗು, ಕೈ ಹಾಕ್ಬ್ಯಾಡ."

"ಕೈ ಹಾಕ್ದೆ ಬೇರು ತೋರ್ಸಕ್ಕಾಗಲ್ಲ ಸ್ವಾಮಿ." ಫೋನು ಇಟ್ಟ ಮೇಲೂ ಅವನ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಲೇ ಇತ್ತು.

ಅದೇ ವಾರ ಅನಿತಾ ಹಿತ್ತಿಲ ಗಿಡ್ಡ ಮರದಿಂದ ಒಂದು ಎಳನೀರು ಕಿತ್ತು ತಂದಳು. "ಮಚ್ಚೆಲ್ಲಿ?"

"ಕಳ್ದೋಯ್ತು."

"ನಿಮ್ಮಪ್ಪನ ಕಾಲದ್ದು. ಅದೆಂಗ್ ಕಳೀತು?"

ಅವನು ಹಸುವಿಗೆ ನೀರಿಡಲು ಎದ್ದು ಹೋದ. ಎಳನೀರು ಜಗಲಿಯ ಮೂಲೆಯಲ್ಲಿ ತೊಟ್ಟು ಒಣಗಿಕೊಂಡು ಬಹಳ ದಿನ ಬಿದ್ದಿತ್ತು. ಅವನೂ ಮುಟ್ಟಲಿಲ್ಲ, ಅವಳೂ ತೆಗೆದು ಹಾಕಲಿಲ್ಲ.

ಮೂರು ತಿಂಗಳ ನಂತರದ ಪರೀಕ್ಷೆಯಲ್ಲಿ ಸಂಖ್ಯೆ ಸ್ವಲ್ಪ ಏರಿತ್ತು. ಸಾಲುವಷ್ಟು ಏರಿರಲಿಲ್ಲ. ಡಾಕ್ಟರು ಅನಿತಾಳಿಗೂ ಒಂದು ಹೊಸ ರಕ್ತಪರೀಕ್ಷೆ ಮಾಡಿಸಿದ್ದರು. ಅಂಡಾಣುಗಳು ಅವಳ ವಯಸ್ಸಿಗೆ ಇರಬೇಕಾದ್ದಕ್ಕಿಂತ ಕಡಿಮೆ ಎಂದು ಅದು ಹೇಳುತ್ತಿತ್ತು.

"ಇವರು ಸುಧಾರಿಸೋಕೆ ಇನ್ನೂ ಟೈಮ್ ಬೇಕು," ಎಂದರು ಡಾಕ್ಟರು, "ನಿಮಗೆ ಕಾಯೋಷ್ಟು ಟೈಮ್ ಇಲ್ಲ. ಟೆಸ್ಟ್ ಟ್ಯೂಬ್ ಮಗುವಿನ ಚಿಕಿತ್ಸೆಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರೆದುಕೊಡ್ತೀನಿ. ಅಲ್ಲೂ ಹತ್ತು ಜೋಡಿ ಹೋದ್ರೆ ಆರೇಳು ಜೋಡಿ ಮೊದಲ ಸಲ ಬರಿಗೈಲಿ ವಾಪಸ್ ಬರ್ತಾರೆ. ಸುಳ್ಳು ಆಸೆ ಹುಟ್ಟಿಸಲ್ಲ."

ಅನಿತಾ ತಲೆಯಾಡಿಸಿದಳು. ಎದ್ದೇಳುವ ಹಾಗೆ ಮಾಡಿ ಮತ್ತೆ ಕೂತಳು. "ಮೇಡಂ, ಮೊದ್ಲು ನಿಂತಿತ್ತಲ್ಲ, ಅದ್ಯಾಕೆ ಹೋಯ್ತು? ನಾನು ಏನಾದ್ರೂ ತಪ್ಪು ಮಾಡಿದ್ನಾ? ಆಗ ನೀರಿನ ಬಿಂದಿಗೆ ಎತ್ತಿದ್ದೆ."

"ಬಿಂದಿಗೆ ಎತ್ತಿದ್ದಕ್ಕೆ ಹೋಗಲ್ಲಮ್ಮ."

"ಮತ್ತೆ?"

ಡಾಕ್ಟರು ಬಾಯಿ ತೆರೆಯುವ ಮೊದಲೇ ಬೆಟ್ಟಸ್ವಾಮಿ ಮಾತಾಡಿದ. ಮೇಜಿನ ಮೇಲಿದ್ದ ಕ್ಯಾಲೆಂಡರಿಗೆ ಹೇಳುವವನ ಹಾಗೆ, ಮಚ್ಚಿನ ವಿಷಯವನ್ನು ಹೇಳಿದ. ಬೇರು ಕೊಯ್ದದ್ದು, ತೊಳೆಯದೆ ಲುಂಗಿಗೆ ಒರೆಸಿದ್ದು, ಬೇಡವೆಂದರೂ ಕುಡಿಸಿದ್ದು. "ಕಳ್ದಿಲ್ಲ ಅದು. ಕೊಟ್ಟಿಗೆ ಸೂರಲ್ಲೈತೆ."

ಡಾಕ್ಟರು ಕುರ್ಚಿಯನ್ನು ಅನಿತಾಳ ಕಡೆ ತಿರುಗಿಸಿದರು. "ನೋಡಿ, ಮೊದಲ ಮೂರು ತಿಂಗಳಲ್ಲಿ ಹೋಗೋದು ಬಹಳ ಜನಕ್ಕೆ ಆಗುತ್ತೆ. ಹೆಚ್ಚಿನವು ಭ್ರೂಣ ಸರಿಯಾಗಿ ರೂಪುಗೊಳ್ಳದೇ ಹೋಗೋದು. ಮಚ್ಚಲ್ಲಿ ಎಷ್ಟಿತ್ತು, ಎಳನೀರಿಗೆ ಎಷ್ಟು ಇಳೀತು, ಇಷ್ಟು ವರ್ಷದ ಮೇಲೆ ಯಾರಿಗೂ ಗೊತ್ತಾಗಲ್ಲ. ಅದರಿಂದ ಅಂತ ನಾನು ಹೇಳಲ್ಲ."

"ಅಲ್ಲ ಅಂತ ಹೇಳ್ತೀರಾ?" ಅನಿತಾ ಕೇಳಿದಳು.

"ಅದನ್ನೂ ಹೇಳೋಕಾಗಲ್ಲಮ್ಮ."

ತಿಪಟೂರಿನ ಬಸ್ ನಿಲ್ದಾಣದವರೆಗೆ ಅವಳು ಅವನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಿಸಿಲು ಜೋರಾಗಿತ್ತು. ಗೇಟಿನ ಪಕ್ಕ ಎಳನೀರಿನ ಗಾಡಿ. ಅವಳು ಅಲ್ಲಿ ನಿಂತು, "ಒಂದು ಕೊಚ್ಚಪ್ಪ," ಎಂದಳು. ಹುಟ್ಟಿದಾಗಿನಿಂದ ಅವಳು ಎಳನೀರನ್ನು ಕಾಸು ಕೊಟ್ಟು ಕುಡಿದವಳಲ್ಲ.

"ಯಾವೂರಕ್ಕ?"

"ಕೆಂಕೆರೆ."

"ಅಯ್ಯೋ, ತೋಟದ ಸೀಮೆಯೋರೇ ನನ್ ಹತ್ರ ಎಳ್ನೀರು ಕೊಂಡ್ಕಂಡ್ರೆ ಇನ್ ನಾನ್ ಸಾವ್ಕಾರ ಆದೆ ಬುಡು!" ಗಾಡಿಯವನು ನಗುತ್ತ ಮಚ್ಚು ಎತ್ತಿದ.

"ಮಚ್ಚು ತೊಳಿ."

"ಯಾಕಕ್ಕ, ಇದ್ರಲ್ಲೇನು ಕುರಿ ಕೊಯ್ತೀನಾ ನಾನು?"

"ತೊಳಿಯಪ್ಪ."

ಅವಳ ಮುಖ ನೋಡಿ ಅವನು ನಗು ನಿಲ್ಲಿಸಿದ. ಕ್ಯಾನಿನಿಂದ ನೀರು ಸುರಿದು, ಎರಡೂ ಮಗ್ಗುಲು ತಿಕ್ಕಿ ತೊಳೆದ. ಅವಳು ಸ್ಟ್ರಾ ಬೇಡವೆಂದು ಎತ್ತಿ ಕುಡಿದು, ಬಾಯಿ ಒರೆಸಿಕೊಂಡಳು. ಆಮೇಲೆ ಗಂಡನ ಕಡೆ ನೋಡದೆಯೇ ಹೇಳಿದಳು: "ಅವತ್ತೂ ಸಿಹಿಯಾಗೇ ಇತ್ತು ಕಣ್ರೀ."

ಬೆಟ್ಟಸ್ವಾಮಿ ಗಾಡಿಯವನಿಗೆ ದುಡ್ಡು ಕೊಟ್ಟ.

"ಬೆಂಗ್ಳೂರಿಗೆ ಒಂದ್ಸಲ ಹೋಗಾನ," ಎಂದಳು ಅವಳು. "ಒಂದೇ ಸಲ. ಆಗ್ಲಿಲ್ಲ ಅಂದ್ರೆ ಆಮೇಲೆ ನನ್ನ ಯಾರೂ ಎಲ್ಗೂ ಕರ್ಕೊಂಡೋಗ್ಬಾರ್ದು."

"ಆಯ್ತು."

ಹುಳಿಯಾರಿನ ಬಸ್ಸು ಬಂತು. ಅನಿತಾ ಕಿಟಕಿಯ ಬದಿ ಕೂತು, ಆಸ್ಪತ್ರೆಯ ಕಾಗದಗಳ ಚೀಲವನ್ನು ಪಕ್ಕದ ಸೀಟಿನ ಮೇಲೆ ಇಟ್ಟಳು. ಬೆಟ್ಟಸ್ವಾಮಿ ಮೇಲಿನ ಕಂಬಿ ಹಿಡಿದು ನಿಂತೇ ಇದ್ದ. ಎರಡೂ ಬದಿಯಲ್ಲಿ ತೋಟಗಳು ಹಿಂದೆ ಸರಿಯುತ್ತಿದ್ದವು. ಅವುಗಳಲ್ಲಿ ಯಾವ ಮರದ ಯಾವ ದಿಕ್ಕಿನಲ್ಲಿ ಎಳೆ ಬೇರಿದೆಯೆಂದು ಅವನ ಕೈಗೆ ಗೊತ್ತಿತ್ತು. ಚಿಕ್ಕನಾಯಕನಹಳ್ಳಿ ದಾಟುವವರೆಗೆ ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಆಮೇಲೆ, ಹೊರಗೆ ನೋಡುತ್ತಲೇ, ಚೀಲವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

ಅವನು ಕೂತ.