ಮುಂಡಪ್ಪನ ರೇಟು, ಕಂಪನಿಯ ಪ್ಲೇಟು

ಹದಿನೆಂಟು ಎಂದು ಯಾರಾದರೂ ಅಂದರೆ ಸಾಕು, ಮುಂಡಪ್ಪನಿಗೆ ಮೈಯೆಲ್ಲ ಉರಿಯುತ್ತದೆ. ಮಗಳು ಮಾನಸಿಗೆ ಹದಿನೆಂಟು ತುಂಬಿದ ವರ್ಷವೊಂದನ್ನು ಬಿಟ್ಟರೆ ಆ ಸಂಖ್ಯೆಯನ್ನು ಅವನು ನಗುನಗುತ್ತಾ ಹೇಳಿದ್ದೇ ಇಲ್ಲ. ಅದು ಅವನ ಹಿಂದೆ ಬಿದ್ದ ಶನಿ.

ಮುಂಡಪ್ಪ ಹೋಟೆಲ್ ಅಡುಗೆಮನೆಗಳಿಗೆ ಚಿಮಣಿ ಮಾಡುವವನು. ಶಹಾಡ್ ಸ್ಟೇಷನ್ನಿನ ಹಿಂದೆ ಬಾಡಿಗೆಯ ಶೆಡ್ಡು, ಇಬ್ಬರು ಕೆಲಸದವರು, ಪತ್ರಾ ಅಂದರೆ ತಗಡು ಕತ್ತರಿಸುವ ಒಂದು ಹಳೆಯ ಮಿಷನ್ನು. ಕಾರ್ಕಳದ ಕಡೆಯಿಂದ ಮುಂಬಯಿ ಹತ್ತಿರದ ಕಲ್ಯಾಣಕ್ಕೆ ಬಂದು ಹೋಟೆಲಿನಲ್ಲಿ ಪ್ಲೇಟು ತೊಳೆಯುತ್ತಿದ್ದ ಕಾಲದಲ್ಲಿ ಹೊಗೆಗೆ ಅವನ ಕಣ್ಣು ಕೆಂಡವಾಗುತ್ತಿತ್ತು. ಒಮ್ಮೆ ಚಿಮಣಿ ರಿಪೇರಿಗೆ ಬಂದ ಮೇಸ್ತ್ರಿ ಅರ್ಧ ದಿನದಲ್ಲಿ ಆ ಹೊಗೆಯನ್ನು ಹೊರಗಟ್ಟಿದ್ದನ್ನು ನೋಡಿ, ಮರುವಾರವೇ ಅವನ ಬೆನ್ನು ಹತ್ತಿ ಹೋದ. ಅದೇ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ನಿಲ್ಲುತ್ತಿದ್ದ ದಯಾನಂದ ಅಲ್ಲೇ ಉಳಿದ. ಇಬ್ಬರೂ ಒಂದೇ ಚಾಪೆಯಲ್ಲಿ ಮಲಗಿ ಎದ್ದವರು. ಈಗ ದಯಾನಂದನಿಗೆ ಎರಡು ಹೋಟೆಲು, ಸಾನಪಾಡಾದಲ್ಲಿ ಮೂರನೆಯದು ಏಳುತ್ತಿತ್ತು.

ಚಿಮಣಿಯ ಎದುರು ಭಾಗದಲ್ಲಿ, ಅಡುಗೆ ಭಟ್ಟರ ಕಣ್ಣಿಗೆ ನೇರವಾಗಿ, ಅದನ್ನು ಮಾಡಿದವರ ಹೆಸರಿನ ಸಣ್ಣ ಸ್ಟೀಲ್ ಪ್ಲೇಟು ಹೊಡೆಯುವುದು ಈ ಕಸುಬಿನ ರಿವಾಜು. ಮುಂಡಪ್ಪ ಎಷ್ಟೋ ವರ್ಷ ಠಾಣೆಯ ಒಂದು ಕಂಪನಿಗೆ ಕೂಲಿಯ ಲೆಕ್ಕದಲ್ಲಿ ಚಿಮಣಿ ಮಾಡಿಕೊಟ್ಟ. ಬೆವರು ಅವನದು, ಪ್ಲೇಟು ಅವರದು. ಸ್ವಂತ ಕೆಲಸ ಶುರು ಮಾಡಿದಾಗ ತನ್ನ ಹೆಸರಿನ ಪ್ಲೇಟುಗಳನ್ನೂ ಮಾಡಿಸಿದ. ಆದರೆ ಅವನ ಪಾಲಿಗೆ ಬಂದದ್ದೆಲ್ಲ ಚಹಾದ ಟಪರಿ, ವಡಾಪಾವಿನ ಗಾಡಿ. ಅಲ್ಲಿ ಪ್ಲೇಟು ಹೊಡೆದರೆ ಜನ ನಕ್ಕಾರು. ಒಂದೇ ಒಂದು ಪೂರಾ ಹೋಟೆಲು ತನ್ನ ಹೆಸರಿನಲ್ಲಿ ಆಗಬೇಕು ಎಂಬುದು ಅವನ ಆಸೆ. ಹೆಂಡತಿ ಹರಿಣಾಕ್ಷಿ ಪ್ರತಿ ದೀಪಾವಳಿಗೆ ಕಪಾಟು ಒರೆಸುವಾಗ ಆ ಪ್ಲೇಟಿನ ಕಟ್ಟನ್ನು ಎತ್ತಿ ಧೂಳು ಕೊಡವಿ ಮತ್ತೆ ಅಲ್ಲೇ ಇಡುತ್ತಾಳೆ.

ಅಡ್ಡಗಾಲು ಹಾಕುವುದು ಜಿಎಸ್‌ಟಿ. ಮುಂಡಪ್ಪನ ವಹಿವಾಟು ಸರಕಾರ ಇಟ್ಟ ಮಿತಿಯೊಳಗೇ ಇದೆ, ಆದ್ದರಿಂದ ನೋಂದಣಿ ಕಡ್ಡಾಯವಲ್ಲ. ಮಾಡಿಸಿಕೊಂಡರೆ ಟಪರಿಯವನ ಬಿಲ್ಲಿನ ಮೇಲೂ ಹದಿನೆಂಟು ಪರ್ಸೆಂಟ್ ಏರಿಸಬೇಕು, ಅವನು ಮರುದಿನವೇ ಬೇರೆಯವನನ್ನು ಹುಡುಕುತ್ತಾನೆ. ಮಾಡಿಸದಿದ್ದರೆ ದೊಡ್ಡವರು ಗೇಟಿನೊಳಗೇ ಬಿಡುವುದಿಲ್ಲ. ನವಿ ಮುಂಬಯಿಯ ಆಫೀಸೊಂದರ ಕ್ಯಾಂಟೀನಿಗೆ ರೇಟು ಕೊಡಲು ಹೋದಾಗ, ರೇಟು ಕೇಳುವ ಮೊದಲೇ ಜಿಎಸ್‌ಟಿ ನಂಬರು ಕೇಳಿದರು. ಇಲ್ಲ ಎಂದದ್ದಕ್ಕೆ, ಕುಡಿಯುತ್ತಿದ್ದ ನೀರಿನ ಲೋಟವನ್ನೂ ಕಸಿದುಕೊಳ್ಳುವವರ ಹಾಗೆ ನೋಡಿದರು. ಡೊಂಬಿವಲಿಯ ಮೆಸ್ಸಿನವನದು ಇನ್ನೊಂದು ರಾಗ, ಜಿಎಸ್‌ಟಿ ಇಲ್ಲವಾದರೆ ರೇಟಿನಲ್ಲಿ ಆ ಹದಿನೆಂಟು ಪರ್ಸೆಂಟ್ ಕಡಿಮೆ ಮಾಡಿ ಎಂದು. "ಜಿಎಸ್‌ಟಿ ನಾಹೀ? ಮಗ್ ಅಠರಾ ಟಕ್ಕೆ ಕಮೀ ಕರಾ ನಾ!"

"ಎಲ್ಲಿಂದ ಕಡಿಮೆ ಮಾಡುವುದು ಮಾರಾಯ್ತಿ?" ಎಂದು ಮುಂಡಪ್ಪ ಮನೆಗೆ ಬಂದು ಹರಿಣಾಕ್ಷಿಯ ಮುಂದೆ ಕೂಗಾಡಿದ. "ಪತ್ರಾ ತರುವಾಗ ಅಂಗಡಿಯವ ನನ್ನ ಹತ್ರ ಹದಿನೆಂಟು ಪರ್ಸೆಂಟ್ ತಕ್ಕೊಳ್ಳುದಿಲ್ವಾ? ಕಂಪನಿಯವನಿಗಾದ್ರೆ ಅದು ವಾಪಸ್ ಸಿಗ್ತದೆ. ನನಗೆ ಎಂತ ಸಿಗ್ತದೆ, ಬೋಳು ಕೈ!" ಹರಿಣಾಕ್ಷಿ ಅವನ ಮುಂದೆ ಊಟದ ತಟ್ಟೆ ಇಟ್ಟಳು.

ಹೀಗಿರುವಾಗ ದಯಾನಂದ ತಾನಾಗಿ ಫೋನ್ ಮಾಡಿದ. "ಸಾನಪಾಡಾದ್ದು ನೀನೂ ಒಂದು ಕೊಟೇಶನ್ ಕೊಡು ಮುಂಡಪ್ಪ. ಮೂರು ಜನರದ್ದು ತಕ್ಕೊಳ್ತಾ ಇದ್ದೇನೆ."

ಇಲ್ಲಿ ಮುಂಡಪ್ಪನ ಲೆಕ್ಕ ನಿಜವಾಗಿಯೂ ಗೆಲ್ಲುವ ಲೆಕ್ಕ. ಗಿರಾಕಿಗಳಿಂದ ಐದು ಪರ್ಸೆಂಟ್ ವಸೂಲು ಮಾಡುವ ಹೋಟೆಲಿನವರಿಗೆ, ತಾವು ಕೊಂಡದ್ದರ ಮೇಲೆ ಕಟ್ಟಿದ ಟ್ಯಾಕ್ಸು ತಿರುಗಿ ಸಿಗುವುದಿಲ್ಲ. ಕಂಪನಿಯ ರೇಟು ಎಷ್ಟೇ ಕಡಿಮೆಯಿದ್ದರೂ ಅದರ ಮೇಲಿನ ಹದಿನೆಂಟು ದಯಾನಂದನ ಜೇಬಿನಿಂದಲೇ ಹೋಗಬೇಕು. ಮುಂಡಪ್ಪನದು ಹೇಳಿದಷ್ಟೇ, ಮೇಲೆ ಕಿಲುಬು ಕಾಸೂ ಇಲ್ಲ.

ಆದರೆ ಮನುಷ್ಯನಿಗೆ ಕೆಟ್ಟ ಬುದ್ಧಿ ಬರುವುದು ಇಂಥ ಹೊತ್ತಿನಲ್ಲೇ. ಠಾಣೆಯ ಕಂಪನಿಯ ಹಳೆಯ ಕೊಟೇಶನ್ ಒಂದನ್ನು ಅವನು ಜೋಪಾನವಾಗಿ ಪ್ಲಾಸ್ಟಿಕ್ಕಿನಲ್ಲಿ ಇಟ್ಟುಕೊಂಡಿದ್ದ. ಅದನ್ನು ಮಾನಸಿಯ ಮುಂದಿಟ್ಟು, ಥೇಟ್ ಹೀಗೇ ಟೈಪ್ ಮಾಡು ಎಂದ. ಮಾನಸಿ ಕೊನೆಯ ಸಾಲಿಗೆ ಬಂದು ನಿಂತಳು. 'ಜಿಎಸ್‌ಟಿ ಪ್ರತ್ಯೇಕ' ಎಂದಿತ್ತು.

"ಪಪ್ಪಾ, ಯೇ ಲೈನ್ ನಿಕಾಲ್ ದೋ ನಾ. ಅಪನಾ ಜಿಎಸ್‌ಟಿ ಹೈ ಹೀ ನಹೀಂ."

"ಇರ್ಲಿ ಅದು. ಇಲ್ಲದಿದ್ರೆ ಗೂಡಂಗಡಿಯ ಚೀಟಿ ಹಾಗೆ ಕಾಣ್ತದೆ. ದಯಾನಂದನಿಗೆ ನನ್ನ ವಿಷಯ ಗೊತ್ತಿಲ್ವಾ?"

ನಮಗೆ ಜಿಎಸ್‌ಟಿಯೇ ಇಲ್ಲ, ಆ ಸಾಲು ತೆಗೆಯುವ ಎಂದು ಮಾನಸಿ ಇನ್ನೊಮ್ಮೆ ಹೇಳಿದಳು. ಮುಂಡಪ್ಪ ಕಣ್ಣು ಬಿಟ್ಟ. ಸಾಲು ಉಳಿಯಿತು. ತಾನೂ ಒಂದು ಕಂಪನಿ ಎಂದು ಕಾಣಿಸಿಕೊಳ್ಳುವ ಚಪಲ ಮುಂಡಪ್ಪನಂಥವರನ್ನೂ ಬಿಡುವುದಿಲ್ಲ ನೋಡಿ. ಅವನು ಕೊಟೇಶನ್ ಕಳಿಸಿ, ಕಪಾಟಿನಿಂದ ಒಂದು ಪ್ಲೇಟು ತೆಗೆದು ಬಟ್ಟೆಯಲ್ಲಿ ಉಜ್ಜಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಕೆಲಸ ಠಾಣೆಯ ಅದೇ ಕಂಪನಿಗೆ ಹೋಯಿತು. ಕಂಪನಿಗೆ ಕೈ ಕಡಿಮೆ ಬಿದ್ದು, ಅದು ಕೂಲಿಗೆ ಕರೆದದ್ದು ಮುಂಡಪ್ಪನನ್ನೇ. ಸಿಟ್ಟಿನಿಂದ ಬರುವುದಿಲ್ಲ ಎಂದುಬಿಡುತ್ತಿದ್ದ. ಆದರೆ ಶೆಡ್ಡಿನ ಮಾಲಕ ಬಾಡಿಗೆಯ ಬದಲು ಸಿಟ್ಟನ್ನು ತೆಗೆದುಕೊಳ್ಳುವುದಿಲ್ಲ. ಹೋದ.

ಸಾನಪಾಡಾದ ಆ ಹೊಸ ಅಡುಗೆಮನೆಯಲ್ಲಿ ಅವನು ಹೊಗೆ ಹೋಗುವ ಡಕ್ಟ್ ಕೂರಿಸುತ್ತಿದ್ದಾಗ ದಯಾನಂದ ಬಂದ. ಏಣಿಯ ಮೇಲಿದ್ದವನನ್ನು ನೋಡಿ ಅವನಿಗೂ ಪಿಚ್ಚೆನಿಸಿತು.

"ಅಲ್ಲ ಮುಂಡಪ್ಪ, ನಿನ್ನ ರೇಟಿಗೆ ಜಿಎಸ್‌ಟಿ ಸೇರಿಸಿದ್ರೆ ಎಲ್ಲರಿಗಿಂತ ಜಾಸ್ತಿ ಆಯ್ತಲ್ಲ. ನಾನು ಎಂತ ಮಾಡ್ಲಿ?"

"ನನ್ನದರ ಮೇಲೆ ಜಿಎಸ್‌ಟಿ ಇಲ್ಲ ದಯಾನಂದ."

"ಬರೆದಿದ್ದೀಯಲ್ಲ ಮಾರಾಯ, ಪ್ರತ್ಯೇಕ ಅಂತ! ಮೊದಲೇ ಹೇಳಬಾರದಿತ್ತಾ? ಅದಿಲ್ಲದಿದ್ರೆ ನಿನ್ನದೇ ಕಡಿಮೆ. ಕಣ್ಣು ಮುಚ್ಚಿ ನಿನಗೆ ಕೊಡ್ತಿದ್ದೆ."

ಮುಂಡಪ್ಪನಿಗೆ ಬೈಯಲು ಒಬ್ಬರೂ ಸಿಗಲಿಲ್ಲ. ಸರಕಾರವನ್ನು ಬೈಯೋಣ ಎಂದರೆ ಸಾಲು ಹಾಕಿಸಿದ್ದು ಸರಕಾರವಲ್ಲ. ಮಾನಸಿ ಬೇಡ ಎಂದಿದ್ದಳು. ದಯಾನಂದ ಬರೆದದ್ದನ್ನು ಓದಿದ್ದ, ಅಷ್ಟೆ. ಅವನು ಏಣಿಯಿಂದ ಇಳಿದು, ಕಂಪನಿಯವರು ಕೊಟ್ಟ ಪ್ಲೇಟನ್ನು ಭಟ್ಟರ ಕಣ್ಣಿಗೆ ನೇರವಾಗಿ ಇಟ್ಟು ಡ್ರಿಲ್ ಮಾಡಿದ. ತನ್ನದು ಜೇಬಿನಲ್ಲೇ ಇತ್ತು, ಬಗ್ಗಿದಾಗಲೆಲ್ಲ ಎದೆಗೆ ಚುಚ್ಚುತ್ತಿತ್ತು.

ಹೋಟೆಲು ಶುರುವಾಗಿ ತಿಂಗಳಾಗಿರಲಿಲ್ಲ, ದಯಾನಂದನ ಫೋನು ಬಂತು. ಹೊಗೆ ಒಳಗೇ ತಿರುಗುತ್ತಿದೆ, ದೋಸೆ ಭಟ್ಟ ಕೆಮ್ಮಿ ಕೆಮ್ಮಿ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಮುಂಡಪ್ಪನ ಕೆಲಸ ಮುಗಿದ ಮೇಲೆ ಕಂಪನಿಯವರು ಹೊಗೆ ಎಳೆಯಲು ಮಾತಾಡಿದ್ದಕ್ಕಿಂತ ಸಣ್ಣ ಬ್ಲೋವರ್ ಕೂರಿಸಿದ್ದರು, ಈಗ ಬಂದು ನೋಡುವುದಕ್ಕೂ ಬೇರೆ ಚಾರ್ಜು ಕೇಳುತ್ತಿದ್ದಾರೆ.

"ನೀನೊಮ್ಮೆ ಬಾ ಮುಂಡಪ್ಪ. ನೀನು ನಮ್ಮವನಲ್ವಾ?"

"ಕೊಟೇಶನ್ ಕಳಿಸ್ತೇನೆ," ಎಂದ ಮುಂಡಪ್ಪ.

ಮಾನಸಿಯನ್ನು ಕೂರಿಸಿ ತಾನೇ ಹೇಳಿ ಬರೆಸಿದ. ದೊಡ್ಡ ಬ್ಲೋವರಿಗೆ ಇಷ್ಟು, ಕೂಲಿಗೆ ಇಷ್ಟು. ಕೊನೆಗೆ ಎರಡು ಸಾಲು. 'ಇದರ ಮೇಲೆ ಯಾವ ಟ್ಯಾಕ್ಸೂ ಇಲ್ಲ. ಚಿಮಣಿಯ ಮೇಲಿರುವ ಪ್ಲೇಟು ತೆಗೆದು ನಮ್ಮ ಪ್ಲೇಟು ಹಾಕಲಾಗುವುದು, ಅದಕ್ಕೆ ಹಣವಿಲ್ಲ.' ಮಾನಸಿ ಅಪ್ಪನ ಮುಖವನ್ನೊಮ್ಮೆ ನೋಡಿ ಕಳಿಸಿದಳು.

ಸಂಜೆಯೊಳಗೆ ಉತ್ತರ ಬಂತು. ದಯಾನಂದನ ಧ್ವನಿಯಲ್ಲಿ ಹಳೆಯ ಸಲಿಗೆ ತುಂಬಿ ತುಳುಕುತ್ತಿತ್ತು. "ಪ್ಲೇಟು ಹಾಕು ಮಾರಾಯ, ನಿನ್ನದೇ ಹಾಕು, ಸಂತೋಷ. ಆದ್ರೆ ನಿನಗೆ ಜಿಎಸ್‌ಟಿ ಇಲ್ಲ ಅಲ್ವಾ? ಆ ಹದಿನೆಂಟು ಪರ್ಸೆಂಟ್ ಕಡಿಮೆ ಮಾಡಿ ಹೇಳು."

ಮುಂಡಪ್ಪ ಫೋನನ್ನು ಕಿವಿಯಿಂದ ತೆಗೆದು, ಮೇಜಿನ ಮೇಲೆ ಕವುಚಿ ಇಟ್ಟ. ಅದರೊಳಗಿಂದ ದಯಾನಂದ ಹಲೋ ಹಲೋ ಎನ್ನುತ್ತಲೇ ಇದ್ದ.

"ಮಾನಸಿ, ಆ ಪ್ಲೇಟಿಗೆ ಹಣ ಹಾಕಿದ್ದೀಯಾ?"

"ನಹೀಂ ಪಪ್ಪಾ. ಆಪ್ ನೇ ಹೀ ತೋ ಬೋಲಾ, ಫ್ರೀ."

"ಹಾಕು, ಹದಿನೆಂಟು ಪರ್ಸೆಂಟ್," ಎಂದ ಮುಂಡಪ್ಪ.